ಮೈಲುತುತ್ತಿನ ನೆಲ, ಕಾಣದ ಒಕ್ಕಲು

ಕಾರ್ಕಳದ ಅಡಿಕೆ ತೋಟಕ್ಕೆ ತಲೆಮಾರುಗಳಿಂದ ಸುರಿದ ತಾಮ್ರ ಎಲ್ಲಿ ಹೋಯಿತು? ಕಾಪುವಿನಲ್ಲಿ ಹಾರುವ ಬೂದಿ ಇಳಿದ ಮಣ್ಣಿನಲ್ಲಿ ಬೇರು ಹೇಗೆ ಬದುಕೀತು? ಎರಡು ಪ್ರಶ್ನೆಗೂ ಉತ್ತರ ಇರುವುದು ಬರಿಗಣ್ಣಿಗೆ ಕಾಣದ ಜೀವಿಗಳ ಬಳಿ. ಆದರೆ ಅವು ಪವಾಡ ಮಾಡುವುದಿಲ್ಲ!

ಆಟಿ ತಿಂಗಳ ಮಳೆ ಒಂದು ಹಗಲು ಬಿಡುವು ಕೊಟ್ಟರೆ ಸಾಕು, ಕಾರ್ಕಳದ ಮಾಳ, ಕೆರ್ವಾಶೆ ಕಡೆಯ ಅಡಿಕೆ ತೋಟಗಳಲ್ಲಿ ಗಡಿಬಿಡಿ ಏಳುತ್ತದೆ. ಅಂಗಳದ ಬದಿಯಲ್ಲಿ ಪ್ಲಾಸ್ಟಿಕ್ ಡ್ರಮ್ಮು, ಪಕ್ಕದಲ್ಲಿ ಸುಣ್ಣದ ಬಕೆಟ್, ಪಂಪಿನ ಸದ್ದು. ಪಾಚಿಗಟ್ಟಿದ ಮರಕ್ಕೆ ತಳೆ ಹಾಕಿ ಏರುವವರು ಸಿಗದ ಕಡೆ ನೆಲದಿಂದಲೇ ಕಾರ್ಬನ್ ಫೈಬರ್ ದೋಟಿ ಎತ್ತಿ ಗೊನೆಗೆ ಮದ್ದು ಬಿಡುತ್ತಾರೆ.

ಮೇಲೆ ಗೊನೆಗೆ ತಾಗಿದ್ದು ಸ್ವಲ್ಪ. ಉಳಿದದ್ದು ತಿಳಿನೀಲಿ ಜಿಟಿಜಿಟಿಯಾಗಿ ಕೆಳಗಿಳಿಯುತ್ತದೆ. ಕಾಳುಮೆಣಸಿನ ಬಳ್ಳಿ, ಬಾಳೆ, ತೋಡಿನ ಬದಿಯ ಕೆಸು ಎಲ್ಲವೂ ನೀಲಿ ಚುಕ್ಕಿ. ಪತ್ರೊಡೆಗೆ ಎಲೆ ಕೊಯ್ಯಲು ಹೊರಟವರಿಗೆ ಅಡುಗೆಮನೆಯಿಂದಲೇ ಕೂಗು ಬರುತ್ತದೆ: ‘ತೋಟದ ಕೆಸು ಬೇಡ ಮಾರಾಯ್ತಿ, ಮದ್ದು ಬಿದ್ದುಂಟು. ಗುಡ್ಡೆ ಬದಿಯದ್ದು ತಾ.’

ಎಲೆಗೆ ಈ ಎಚ್ಚರ ಇದೆ. ಎಲೆಯಡಿಯ ಮಣ್ಣಿನ ಬಗ್ಗೆ ಯಾರೂ ಹೀಗೆ ಕೂಗಿ ಹೇಳುವುದಿಲ್ಲ.

ಭಾರಲೋಹ ಎಂದೊಡನೆ ನಮಗೆ ನೆನಪಾಗುವುದು ಹೊಗೆಗೂಡು, ಗಣಿ, ಬ್ಯಾಟರಿ ಕಾರ್ಖಾನೆ. ಉಡುಪಿ ಜಿಲ್ಲೆಯಲ್ಲಿ ಅದು ಮದ್ದಿನ ಹೆಸರಿನಲ್ಲಿ, ನಾವೇ ದುಡ್ಡು ಕೊಟ್ಟು ತಂದು, ನಾವೇ ಕಲಸಿ ಹಾಕಿದ ವಸ್ತುವೂ ಹೌದು. ಈ ಮದ್ದು, ಅಂದರೆ ಬೋರ್ಡೋ ದ್ರಾವಣದಲ್ಲಿ ನೀರು ಬಿಟ್ಟರೆ ಅರ್ಧ ಭಾಗ ಮೈಲುತುತ್ತು, ಮೈಲುತುತ್ತಿನ ಕಾಲು ಭಾಗ ತಾಮ್ರ.

ದ್ರಾಕ್ಷಿ ಕಳ್ಳರಿಂದ ಕೊಳೆರೋಗದವರೆಗೆ

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳುತ್ತಿದ್ದರು. ಅವರನ್ನು ಹೆದರಿಸಲೆಂದು ರೈತರು ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಎಲೆಗೆ ಎರಚಿದರು. ಹಾಗೆ ಎರಚಿದ ಸಾಲುಗಳಿಗೆ ಬೂಜುರೋಗ ತಗಲಿಲ್ಲ ಎಂಬುದನ್ನು 1882ರಲ್ಲಿ ಗಮನಿಸಿದವರು ಸಸ್ಯವಿಜ್ಞಾನಿ ಮಿಲಾರ್ಡೆ. 1885ರಲ್ಲಿ ಅವರು ಅದನ್ನು ಔಷಧವಾಗಿ ಪ್ರಕಟಿಸಿದರು.

ಅದನ್ನು ಅಡಿಕೆಗೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದ ಇವರು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣವಾದ ಫೈಟಾಪ್ತೊರ ಎಂಬ ಶಿಲೀಂಧ್ರದಂಥ ಜೀವಿಯನ್ನು ಗುರುತಿಸಿ 1910ರಲ್ಲಿ ವರದಿ ಬರೆದರು. ಅದಕ್ಕೂ ಮುನ್ನ ಗೊನೆಗೆ ಕೊಟ್ಟೆ ಕಟ್ಟುವುದೇ ಇದ್ದ ಉಪಾಯ. ಕರಾವಳಿಯಲ್ಲಿ ಮಹಾಳಿ ಎಂದು ಕರೆಯುವ ಈ ರೋಗ ಹಿಡಿದರೆ ಎಳೆಗಾಯಿ ಕೊಳೆತು ಮರದ ಬುಡ ತುಂಬಾ ಉದುರುತ್ತದೆ. ಫಸಲು ಕಳೆದುಕೊಂಡವನಿಗೆ ಬೋರ್ಡೋ ಬೇಡ ಎನ್ನುವ ಧೈರ್ಯ ನನಗಿಲ್ಲ.

ಆದರೆ ಲೆಕ್ಕ ಹಾಕಬಹುದು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಅರ್ಧ ಕಿಲೋ ತಾಮ್ರವಿದ್ದಂತಾಯಿತು. ಎಕರೆಗೆ ಒಂದು ಸಲಕ್ಕೆ ಮೂರು ಡ್ರಮ್ಮು, ಮಳೆಗಾಲಕ್ಕೆ ಎರಡು ಸಲ ಎಂದಿಟ್ಟುಕೊಳ್ಳಿ: ವರ್ಷಕ್ಕೆ 3 ಕಿಲೋ, ಐವತ್ತು ವರ್ಷಕ್ಕೆ ಒಂದೂವರೆ ಕ್ವಿಂಟಲ್. ಒಂದೆಕರೆಯ ಆರಿಂಚು ಮೇಲ್ಮಣ್ಣು ಸುಮಾರು 900 ಟನ್ ತೂಗುತ್ತದೆ. ಎಲ್ಲ ತಾಮ್ರವೂ ಅಲ್ಲೇ ಉಳಿದರೆ ಕಿಲೋ ಮಣ್ಣಿಗೆ ಸುಮಾರು 165 ಮಿಲಿಗ್ರಾಂ ಸೇರಿದ ಹಾಗೆ. ಸಾಮಾನ್ಯ ಮಣ್ಣಿನಲ್ಲಿ ಇರುವುದು 20ರಿಂದ 30.

ಎಲ್ಲವೂ ಉಳಿಯುವುದಿಲ್ಲ. ಗೊನೆಯೊಂದಿಗೆ ಒಂದಿಷ್ಟು ಹೋಗುತ್ತದೆ, ತೋಡಿನ ನೀರಿನೊಂದಿಗೆ ಇನ್ನೊಂದಿಷ್ಟು. ಆದರೂ ಹೋಲಿಸಲು ಒಂದು ಅಂಕಿ: ಐರೋಪ್ಯ ಒಕ್ಕೂಟ 2019ರಿಂದ ತನ್ನ ರೈತರಿಗೆ ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಬಾರದೆಂದು ಮಿತಿ ಹಾಕಿದೆ. ಎಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕಿಲೋ. ಬೋರ್ಡೋ ಹುಟ್ಟಿದ ಊರಿನ ತೋಟಗಳಿಗೂ ಇದೇ ಮಿತಿ.

> ಕತ್ತಿ ಹೇಳುವ ಸತ್ಯ
> ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹಳಬರು ಮಸೆದ ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು ತುಕ್ಕಲ್ಲ, ಕಬ್ಬಿಣದ ಮೇಲೆ ಕೂತ ಶುದ್ಧ ತಾಮ್ರ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಕರಗದ ರೂಪಕ್ಕೆ ಹೋಗುತ್ತದೆ, ಎಲೆ ಸುಡುವುದಿಲ್ಲ. ಮಣ್ಣಿನಲ್ಲಿ ಆಗುವುದೂ ಇದೇ: ಹುಳಿ ಮಣ್ಣಿನಲ್ಲಿ ತಾಮ್ರ ಚುರುಕು, ಸುಣ್ಣ ಕಂಡ ಮಣ್ಣಿನಲ್ಲಿ ಮಂದ. ನಮ್ಮ ಕರಾವಳಿಯ ಮುರಕಲ್ಲು ಮಣ್ಣು ಹುಟ್ಟಾ ಹುಳಿ.

ಮೊದಲು ಸಾಯುವವರು

ತಾಮ್ರ ವಿಷವೇ? ಮಿತಿಯಲ್ಲಿದ್ದರೆ ಪೋಷಕಾಂಶ. ಸೀಸ, ಕ್ಯಾಡ್ಮಿಯಂ, ಪಾದರಸ ಹಾಗಲ್ಲ, ಗಿಡಕ್ಕೆ ಅವುಗಳಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಮಿತಿ ಮೀರಿದ ತಾಮ್ರ ಮರವನ್ನು ಕಾಡುವ ಮೊದಲೇ ಬೇರಿನ ಸುತ್ತಲಿನ ಬ್ಯಾಕ್ಟೀರಿಯಾ, ಶಿಲೀಂಧ್ರ, ಎರೆಹುಳಗಳನ್ನು ಕಾಡುತ್ತದೆ. ಶಿಲೀಂಧ್ರ ಕೊಲ್ಲಲೆಂದೇ ತಂದ ಮದ್ದಲ್ಲವೇ? ಗೊನೆಯ ರೋಗಜೀವಿ ಯಾವುದು, ಬೇರಿನ ಗೆಳೆಯ ಯಾವುದು ಎಂದು ಅದಕ್ಕೇನು ಗೊತ್ತು!

ಇದಕ್ಕೆ ಕಣ್ಣು ತೆರೆಸಿದ ಸಾಕ್ಷಿ ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿನ ಒಂದು ತರಕಾರಿ ಪ್ರಯೋಗ. 1942ರಿಂದ 1961ರವರೆಗೆ ಅಲ್ಲಿನ ಹೊಲಕ್ಕೆ ನಗರದ ಕೊಳಚೆಯ ರಾಡಿಯನ್ನು ಗೊಬ್ಬರವಾಗಿ ಹಾಕಿದರು. ಅದರೊಂದಿಗೆ ಸತು, ಕ್ಯಾಡ್ಮಿಯಂ, ತಾಮ್ರ ಎಲ್ಲ ಬಂತು. ರಾಡಿ ಹಾಕುವುದನ್ನು ನಿಲ್ಲಿಸಿ ಎರಡು ದಶಕ ಕಳೆದ ಮೇಲೆ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿ ಬಿಳಿ ಕ್ಲೋವರ್ ಬೆಳೆಸಿದರು. ಬೇರಿನಲ್ಲಿ ಗಂಟುಗಳೇನೋ ಇದ್ದವು, ಸಾರಜನಕ ಮಾತ್ರ ಹುಟ್ಟಲಿಲ್ಲ. ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತಿದ್ದ ರೈಜೋಬಿಯಂ ತಳಿಗಳೆಲ್ಲ ಅಳಿದು, ಕೆಲಸಕ್ಕೆ ಬಾರದ ಒಂದು ತಳಿ ಮಾತ್ರ ಲೋಹ ಸಹಿಸಿ ಉಳಿದಿತ್ತು.

ನಮ್ಮಲ್ಲಿ ಸುಗ್ಗಿ ಕಳೆದ ಮೇಲೆ ಗದ್ದೆಗೆ ಉದ್ದು, ಹೆಸರು ಬಿತ್ತುವವರು ನಂಬಿರುವುದು ಇದೇ ಬಗೆಯ ಜೀವಿಗಳನ್ನು.

ಮಣಿಪಾಲದ ಇಳಿಜಾರಿನ ಎಣ್ಣೆ

ಎಲ್ಲ ಜೀವಿಗಳೂ ಲೋಹಕ್ಕೆ ಹೆದರುವುದಿಲ್ಲ. ಅದನ್ನು ನೋಡಲು ಪ್ರಯೋಗಾಲಯ ಬೇಡ. ಜುಲೈಯಲ್ಲಿ ಮಣಿಪಾಲದ ಗುಡ್ಡದಿಂದ ಉಡುಪಿಗೆ ಇಳಿಯುವಾಗ ಮುರಕಲ್ಲು ಕಡಿದ ದರೆಯ ಬುಡ ನೋಡಿದರೆ ಸಾಕು. ಒರತೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ, ಅಡಿಯಲ್ಲಿ ಕಿತ್ತಳೆ ಬಣ್ಣದ ಲೋಳೆ. ಯಾರೋ ಡೀಸೆಲ್ ಚೆಲ್ಲಿದ್ದಾರೆ ಎಂದು ಬೈಯುವವರಿದ್ದಾರೆ. ಕಡ್ಡಿಯಿಂದ ಮುಟ್ಟಿ ನೋಡಿ: ಎಣ್ಣೆಯಾಗಿದ್ದರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಇದು ಗಾಜಿನ ಚೂರಿನಂತೆ ಒಡೆದು ಹಾಗೇ ಉಳಿಯುತ್ತದೆ.

ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಮಣ್ಣು ನೀರುಂಡು ಉಸಿರುಗಟ್ಟಿದಾಗ ಒಂದು ಗುಂಪು ಆಮ್ಲಜನಕದ ಬದಲು ತುಕ್ಕನ್ನೇ ಬಳಸಿ ಬದುಕುತ್ತದೆ. 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಸಿಕ್ಕ ಜಿಯೋಬ್ಯಾಕ್ಟರ್ ಈ ಬಳಗದ ಹೆಸರಾಂತ ಸದಸ್ಯ. ಹೀಗೆ ಕರಗಿದ ಕಬ್ಬಿಣ ಒರತೆಯಲ್ಲಿ ಹೊರಬಂದೊಡನೆ ಲೆಪ್ಟೋತ್ರಿಕ್ಸ್‌ನಂಥ ಇನ್ನೊಂದು ಗುಂಪು ಅದನ್ನು ಮತ್ತೆ ತುಕ್ಕಾಗಿಸುತ್ತದೆ.

ಗುಡ್ಡದ ತುದಿಯ ಬೆಟ್ಟು ಗದ್ದೆಗೆ ಈ ಆಟದಿಂದ ತೊಂದರೆಯಿಲ್ಲ. ಕೆಳಗಿನ ಬೈಲು ಗದ್ದೆಗೆ ಇದೆ. ಮೇಲಿನಿಂದ ಇಳಿದು ಬರುವ ಕರಗಿದ ಕಬ್ಬಿಣ ಜಾಸ್ತಿಯಾದರೆ ಭತ್ತದ ಎಲೆಗೆ ಕಂದು ಚುಕ್ಕಿ ಬಂದು ಪೈರು ಕುಗ್ಗುತ್ತದೆ. ಭತ್ತ ತನ್ನ ಬೇರಿಗೆ ಆಮ್ಲಜನಕ ಇಳಿಸಿ, ಸುತ್ತ ಕೆಂಪು ತುಕ್ಕಿನ ಕವಚ ಕಟ್ಟಿಕೊಂಡು ತಕ್ಕಮಟ್ಟಿಗೆ ಪಾರಾಗುತ್ತದೆ. ಕಿತ್ತ ಪೈರಿನ ಬೇರು ಕೆಂಪಗಿರುವುದು ಅದಕ್ಕೇ.

ಬದುಕುವ ಬಗೆಗಳು

ಲೋಹ ಒಂದು ಮೂಲವಸ್ತು. ಪೆಟ್ರೋಲನ್ನು ತಿಂದು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಇದೆ, ಸೀಸವನ್ನು ಇಲ್ಲವಾಗಿಸುವುದು ಯಾವ ಜೀವಿಗೂ ಆಗದು. ಅದರ ಜಾಗ ಬದಲಿಸಬಹುದು, ರೂಪ ಬದಲಿಸಬಹುದು, ಇಷ್ಟೇ. ಮಣ್ಣಿನ ಸೂಕ್ಷ್ಮಜೀವಿಗಳ ಜಾಣ್ಮೆ ಬಹುಪಾಲು ಈ ಎರಡರೊಳಗಿದೆ.

ಕೆಲವು ಬ್ಯಾಕ್ಟೀರಿಯಾಗಳು ಒಳಗೆ ಬಂದ ಲೋಹವನ್ನು ಪೊರೆಯಲ್ಲಿನ ಪಂಪುಗಳಿಂದ ಹೊರಹಾಕುತ್ತವೆ. ಕೆಲವು ಮೈಸುತ್ತ ಸುರಿಸುವ ಲೋಳೆಗೆ ಲೋಹವನ್ನು ಅಂಟಿಸಿ ನಿಲ್ಲಿಸುತ್ತವೆ. ಕ್ರೋಮಿಯಂ ವಿಷಯದಲ್ಲಂತೂ ರೂಪ ಬದಲಿಸುವುದೇ ದೊಡ್ಡ ಉಪಕಾರ: ನೀರಲ್ಲಿ ಕರಗಿ ಕ್ಯಾನ್ಸರ್ ತರುವ ವೇಲೆನ್ಸಿ ಆರರ ಕ್ರೋಮಿಯಂ ಅನ್ನು ಕರಗದ, ಅಷ್ಟು ಅಪಾಯವಿಲ್ಲದ ವೇಲೆನ್ಸಿ ಮೂರರ ಕ್ರೋಮಿಯಂ ಆಗಿ ಇಳಿಸುವ ಬ್ಯಾಕ್ಟೀರಿಯಾಗಳು ಹಲವು.

ಇನ್ನು ಬೇರಿನ ಶಿಲೀಂಧ್ರ, ಮೈಕೊರೈಜಾ. ಗಿಡದಿಂದ ಸಕ್ಕರೆ ಪಡೆದು ಬದಲಿಗೆ ರಂಜಕ ತಂದುಕೊಡುವ ಇದರ ಎಳೆಗಳು ಬೇರು ತಲುಪದ ಸಂದಿಗೂ ಹೋಗುತ್ತವೆ. ಕಬ್ಬಿಣ, ಅಲ್ಯುಮಿನಿಯಂ ಸೇರಿ ರಂಜಕವನ್ನು ಬಿಗಿಹಿಡಿದಿಟ್ಟಿರುವ ನಮ್ಮ ಮುರಕಲ್ಲು ನೆಲದಲ್ಲಿ ಇದರ ಬೆಲೆ ದೊಡ್ಡದು. ಲೋಹ ಹೆಚ್ಚಿದ್ದಲ್ಲಿ ಅದನ್ನು ತನ್ನ ಎಳೆಗಳಲ್ಲೇ ಹಿಡಿದಿಟ್ಟು ಮೇಲೆ ಹೋಗದಂತೆ ತಡೆಯುವುದೂ ಉಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್ ಈ ಶಿಲೀಂಧ್ರಗಳ ಅಧ್ಯಯನವನ್ನು ದಶಕಗಳ ಕಾಲ ಮುನ್ನಡೆಸಿದವರು. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯ ಮರಳು ದಿಬ್ಬಗಳ ಗಿಡಗಳ ಬೇರಿನಲ್ಲಿ ಇವುಗಳ ವೈವಿಧ್ಯವನ್ನು ದಾಖಲಿಸಿದರು. ಕಾಪು ಕಡಲತೀರದಲ್ಲಿ ಉಪ್ಪು ಗಾಳಿ, ಬರೀ ಮರಳು, ಉರಿಬಿಸಿಲಿನ ನಡುವೆ ಅಡುಂಬು ಬಳ್ಳಿ ನೇರಳೆ ಹೂ ಬಿಟ್ಟು ಹಬ್ಬುವುದನ್ನು ಕಂಡವರಿಗೆ ಇನ್ನು ಮುಂದೆ ಅದರ ಬೇರಿನ ಕಡೆಗೂ ಗಮನ ಹೋಗಲಿ.

ಇನ್ನೊಂದು ಬಗೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಸಂಕಟಕ್ಕೆ ಸಿಕ್ಕ ಬೇರು ಎಥಿಲೀನ್ ಅನಿಲ ಸೂಸುತ್ತದೆ, ಅದೇ ಅನಿಲ ಬೇರಿನ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಎಥಿಲೀನ್ ತಯಾರಾಗುವ ಮೊದಲೇ ಅದರ ಕಚ್ಚಾವಸ್ತುವನ್ನು ತಿಂದುಬಿಡುತ್ತವೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ತಂಡ 1998ರಲ್ಲಿ ನಿಕ್ಕಲ್ ಎದುರು ಸಾಸಿವೆ ಬಳಗದ ಕನೋಲಾ ಸಸಿಗೆ ಇಂಥ ಒಂದು ಬ್ಯಾಕ್ಟೀರಿಯಾ ಹಚ್ಚಿತು. ಸಸಿಗಳು ಚೇತರಿಸಿಕೊಂಡವು. ಆದರೆ ಒಳಗೆ ಸೇರಿದ ನಿಕ್ಕಲ್ ಪ್ರಮಾಣ ಮಾತ್ರ ಕಡಿಮೆಯಾಗಿರಲಿಲ್ಲ!

ಈ ಕೊನೆಯ ವಾಕ್ಯವನ್ನು ಇಟ್ಟುಕೊಂಡೇ ಕಾಪುವಿಗೆ ಹೋಗಬೇಕು.

> ಲೋಹ ಹೀರುವ ಗಿಡಗಳು
> ಹಳೆಯ ಗಾರೆ ಗೋಡೆಗಳ ಬಿರುಕಿನಲ್ಲಿ ಬೆಳೆಯುವ ಟೆರಿಸ್ ವಿಟಾಟಾ ಜರೀಗಿಡ ಆರ್ಸೆನಿಕ್ ಹೀರುವುದರಲ್ಲಿ ಎತ್ತಿದ ಕೈ. ಎಲೆಯ ಒಣತೂಕದ ಶೇ 2ಕ್ಕೂ ಮಿಕ್ಕು ಆರ್ಸೆನಿಕ್ ತುಂಬಿಕೊಳ್ಳಬಲ್ಲದೆಂದು 2001ರಲ್ಲಿ ಲೀನಾ ಮಾ ತಂಡ ಫ್ಲಾರಿಡಾದಿಂದ ವರದಿ ಮಾಡಿತು.
> ನ್ಯೂ ಕ್ಯಾಲೆಡೋನಿಯಾ ದ್ವೀಪದ ಪಿಕ್ನಾಂಡ್ರಾ ಮರದ ಹಾಲು ನೀಲಿ ಹಸಿರು. ಒಣಗಿಸಿ ತೂಗಿದರೆ ಕಾಲುಭಾಗ ನಿಕ್ಕಲ್.
> ಕತ್ತರಿಸಿದ ಗಿಡವನ್ನು ಎಲ್ಲಿ ಹಾಕುವುದು ಎಂಬುದೇ ಇಂಥ ಗಿಡಗಳ ದೊಡ್ಡ ಸಮಸ್ಯೆ.

ಬೂದಿಯ ಮೇಲೆ ಹಸಿರು

ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳ ಉಷ್ಣವಿದ್ಯುತ್ ಸ್ಥಾವರವಿದೆ. ಹಡಗಿನಲ್ಲಿ ಬರುವ ವಿದೇಶಿ ಕಲ್ಲಿದ್ದಲು ಉರಿಸುತ್ತದೆ. ಹಾರುವ ಬೂದಿ, ಸಮುದ್ರದ ನೀರು ತರುವ ಪೈಪಿನ ಸೋರಿಕೆ, ಬಾವಿಗೆ ಉಪ್ಪು ಎಂಬ ದೂರುಗಳು ಆರಂಭದಿಂದಲೂ ಇದ್ದವು. ನಂದಿಕೂರಿನ ಜನಜಾಗೃತಿ ಸಮಿತಿ ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಮೇ 31ರಂದು ಸ್ಥಾವರದ ಒಡೆತನದ ಉಡುಪಿ ಪವರ್ ಕಾರ್ಪೊರೇಷನ್‌ಗೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟುವಂತೆ ಆದೇಶಿಸಿತು.

ಕಲ್ಲಿದ್ದಲಿನಲ್ಲಿ ಚೂರುಪಾರು ಇರುವ ಆರ್ಸೆನಿಕ್, ಸೀಸ, ಕ್ರೋಮಿಯಂ, ನಿಕ್ಕಲ್‌ಗಳು ಇಂಗಾಲ ಉರಿದುಹೋದ ಮೇಲೆ ಬೂದಿಯಲ್ಲಿ ದಟ್ಟವಾಗುತ್ತವೆ. ಗಿಡದ ಕಣ್ಣಿನಿಂದ ನೋಡಿದರೆ ಬೂದಿಯ ಹೊಂಡ ಮರುಭೂಮಿಗಿಂತ ಕಡೆ: ಸಾರಜನಕ ಇಲ್ಲ, ಹ್ಯೂಮಸ್ ಇಲ್ಲ, ಮುಖ್ಯವಾಗಿ ಜೀವಿಗಳಿಲ್ಲ. ಬರೀ ಸಸಿ ನೆಟ್ಟರೆ ಒಣಗುತ್ತದೆ.

ದಾರಿ ಇಲ್ಲದಿಲ್ಲ. ದೆಹಲಿಯ ಟೆರಿ ಸಂಸ್ಥೆ ಬದರ್ಪುರ, ಕೋರ್ಬಾಗಳ ಬೂದಿ ಹೊಂಡಗಳ ಮೇಲೆ ಮೈಕೊರೈಜಾ ಹಚ್ಚಿದ ಸಸಿಗಳಿಂದ ಹಸಿರು ಎಬ್ಬಿಸಿತು. ನಾಗಪುರದ ನೀರಿ (NEERI) ಸಂಸ್ಥೆಯ ಆಶಾ ಜುವಾರ್ಕರ್ ತಂಡ ಗುಮಗಾಂವ್‌ನ ಮ್ಯಾಂಗನೀಸ್ ಗಣಿ ದಿಬ್ಬದಲ್ಲಿ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡು, ರೈಜೋಬಿಯಂ, ಅಜೋಟೋಬ್ಯಾಕ್ಟರ್, ಮೈಕೊರೈಜಾ ಎಲ್ಲವನ್ನೂ ಒಟ್ಟಿಗೆ ಕೊಟ್ಟು ತೇಗದಂಥ ಮರ ಬೆಳೆಸಿತು. ಎರಡೂ ಕಡೆ ಆದದ್ದು ಲೋಹ ತೆಗೆಯುವುದಲ್ಲ. ಬೇರಿನ ಬಳಿ ಕಟ್ಟಿಹಾಕಿ ಗಾಳಿಗೆ ಹಾರದಂತೆ, ನೀರಿಗೆ ಇಳಿಯದಂತೆ ನಿಲ್ಲಿಸುವುದು. ಬೂದಿ ಹೊಂಡಕ್ಕೆ ಇದು ಒಳ್ಳೆಯ ಉಪಾಯವೇ.

ಆದರೆ ಹೊಂಡದಾಚೆ ಇರುವುದು ಮನುಷ್ಯರು ತಿನ್ನುವ ಬೆಳೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಮಟ್ಟುಗುಳ್ಳ ಬದನೆ ಇದೇ ತಾಲ್ಲೂಕಿನದು, ಶಂಕರಪುರದ ಮಲ್ಲಿಗೆಯೂ ಇಲ್ಲಿಯದೇ. ಲೋಹ ಬಿದ್ದಿದೆ ಎಂಬ ಗುಮಾನಿ ಇರುವ ಹೊಲಕ್ಕೆ ‘ಜೈವಿಕ ಗೊಬ್ಬರ ಹಾಕಿ, ಸರಿಯಾಗುತ್ತದೆ’ ಎನ್ನುವುದು ಅರ್ಧ ಸತ್ಯ. ಕೆಲವು ಬ್ಯಾಕ್ಟೀರಿಯಾಗಳು ಕಬ್ಬಿಣ ಹಿಡಿಯಲು ಸಿಡೆರೋಫೋರ್ ಎಂಬ ಅಣುವನ್ನು ಮಣ್ಣಿಗೆ ಬಿಡುತ್ತವೆ. ಮಲ್ಪೆಯ ಬಲೆಗೆ ಬಂಗುಡೆಯೊಂದಿಗೆ ಬೇಡದ ಮೀನೂ ಬೀಳುವಂತೆ, ಈ ಅಣುವಿಗೆ ಬೇರೆ ಲೋಹವೂ ಸಿಕ್ಕಿ ಕರಗಿ ಗಿಡಕ್ಕೆ ಹತ್ತಬಹುದು. ಜರೀಗಿಡದಿಂದ ಲೋಹ ತೆಗೆಸುವವನಿಗೆ ಅದು ವರ, ಗುಳ್ಳ ಬೆಳೆಯುವವನಿಗೆ ಅಲ್ಲ.

ಗ್ಲಿಕ್ ತಂಡದ ಸಸಿಗಳನ್ನು ನೆನೆಯಿರಿ. ಗಿಡ ನಳನಳಿಸಿದ್ದು ನಿಜ, ನಿಕ್ಕಲ್ ಒಳಗಿದ್ದದ್ದೂ ನಿಜ. ಬೆಳೆ ಹಸಿರಾಗಿದೆ ಎಂಬ ಫೋಟೊ ತೋರಿಸಿ ನೆಲ ಶುದ್ಧವಾಯಿತು ಎಂದರೆ ಒಪ್ಪಬಾರದು. ಕಾಯಿಯೊಳಗಿನ ಲೋಹದ ಅಂಕಿ ಕೇಳಬೇಕು.

> ಚಿನ್ನ ಕಟ್ಟುವ ಬ್ಯಾಕ್ಟೀರಿಯಾ
> ಬೆಲ್ಜಿಯಂನ ಸತು ಕಾರ್ಖಾನೆಯ ಗಸಿಯಲ್ಲಿ 1976ರಲ್ಲಿ ಸಿಕ್ಕ ಕುಪ್ರಿಯಾವಿಡಸ್ ಮೆಟಾಲಿಡ್ಯುರನ್ಸ್, ಕರಗಿದ ಚಿನ್ನದ ವಿಷದಿಂದ ಪಾರಾಗಲು ಅದನ್ನು ಪುಟ್ಟ ಚಿನ್ನದ ಕಣಗಳಾಗಿ ಕಟ್ಟಿಹಾಕುತ್ತದೆ.
> ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಅದಿರಿನಿಂದ ಲೋಹ ಬಿಡಿಸಲು ಬ್ಯಾಕ್ಟೀರಿಯಾ ಬಳಸುವ ವಿದ್ಯೆಯನ್ನು ಹಟ್ಟಿ ಚಿನ್ನದ ಗಣಿಯವರೆಗೂ ಒಯ್ದವರು.


ಕುಮ್ಕಿಯ ಸೊಪ್ಪು, ಕಾರ್ಡಿನ ಅಂಕಿ

ತಾಮ್ರ ಬಿದ್ದ ಅಡಿಕೆ ತೋಟಗಳು ಇನ್ನೂ ನಿಂತಿವೆಯಲ್ಲ, ಹೇಗೆ? ನನ್ನ ಊಹೆಯಲ್ಲಿ ಸೊಪ್ಪಿಗೆ ದೊಡ್ಡ ಪಾಲಿದೆ. ತಾಮ್ರವನ್ನು ಅತಿ ಬಿಗಿಯಾಗಿ ಹಿಡಿದುಕೊಳ್ಳುವುದು ಕೊಳೆತ ಸಾವಯವ ವಸ್ತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ವರ್ಗ (ಪಟ್ಟಾ) ಜಾಗದ ಸುತ್ತ ನೂರು ಗಜದ ಸರ್ಕಾರಿ ಜಾಗವೇ ಕುಮ್ಕಿ. ಅಲ್ಲಿಂದ ಸೊಪ್ಪು, ದರಗು, ಸೌದೆ ತರುವ ಹಕ್ಕು ಕೃಷಿಕನದು. ಹಟ್ಟಿಗೆ ಹಾಸಿ, ಗೊಬ್ಬರ ಮಾಡಿ, ಮರದ ಬುಡಕ್ಕೆ ಕೊಟ್ಟಾಗ ಕೋಟಿಗಟ್ಟಲೆ ಜೀವಿಗಳಿಗೆ ಊಟವೂ ಆಯಿತು, ತಾಮ್ರಕ್ಕೆ ಬಂಧನವೂ ಆಯಿತು. ಹಾಗೆಂದು ಯಾರೂ ಯೋಚಿಸಿ ಮಾಡಿದ್ದಲ್ಲ.

ಈಗ ಎಷ್ಟೋ ಕುಮ್ಕಿಗಳಲ್ಲಿ ರಬ್ಬರ್ ನಿಂತಿದೆ. ಹಟ್ಟಿ ಖಾಲಿ. ಕಳೆನಾಶಕ ಹೊಡೆದ ತೋಟದ ನೆಲ ಬೋಳು. ತಾಮ್ರ ಮಾತ್ರ ಪ್ರತಿ ಮಳೆಗಾಲವೂ ತಪ್ಪದೆ ಬರುತ್ತಿದೆ. ಅದೇ ತೋಟಕ್ಕೆ ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿ ಹಾಕಲು ದುಡ್ಡು ಖರ್ಚು ಮಾಡುತ್ತೇವೆ. ತಿನ್ನಲು ಸೊಪ್ಪಿಲ್ಲದ ಕಡೆ ಅದಾದರೂ ಏನು ಮಾಡೀತು?

ಪೊಟ್ಯಾಸಿಯಂ ಫಾಸ್ಫೊನೇಟ್, ಮ್ಯಾಂಡಿಪ್ರೊಪಮಿಡ್‌ನಂಥ ತಾಮ್ರವಿಲ್ಲದ ಔಷಧಗಳು ಬಳಕೆಗೆ ಬಂದಿವೆ. ಎರಡು ಸಿಂಪಡಣೆಯಲ್ಲಿ ಒಂದನ್ನಾದರೂ ಬದಲಿಸಿದರೆ ವರ್ಷದ ತಾಮ್ರ ಅರ್ಧಕ್ಕಿಳಿಯುತ್ತದೆ. ಹುಳಿ ಮಣ್ಣಿಗೆ ಬೇಸಿಗೆ ಕೊನೆಯಲ್ಲಿ ಸುಣ್ಣ ಕೊಡುವ ಹಳೆಯ ರೂಢಿ ಈ ಲೆಕ್ಕದಲ್ಲೂ ಒಳ್ಳೆಯದು.

ಅದಕ್ಕೂ ಮೊದಲು ತೋಟದಲ್ಲಿ ತಾಮ್ರ ಎಷ್ಟಿದೆ ಎಂದು ಗೊತ್ತಾಗಬೇಕು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದು. ಆದರೆ ಕಾರ್ಡು ಕೇಳುವುದು ಕೊರತೆ ಇದೆಯೇ ಎಂದು ಮಾತ್ರ. ಗಿಡಕ್ಕೆ ಸಿಗುವ ತಾಮ್ರ ಕಿಲೋ ಮಣ್ಣಿಗೆ 0.2 ಮಿಲಿಗ್ರಾಂ ದಾಟಿದರೆ ‘ಸಾಕಷ್ಟು’. 2 ಇದ್ದರೂ ಸಾಕಷ್ಟು, 40 ಇದ್ದರೂ ಸಾಕಷ್ಟು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣಿನ ಪೊಟ್ಟಣ ಒಯ್ಯುವವರು ಷರಾ ಓದಿ ಕಾರ್ಡು ಮಡಚಬೇಡಿ. ಅದರ ಎಡಕ್ಕಿರುವ ಅಂಕಿ ನೋಡಿ, ಎಂದೂ ಮದ್ದು ಬೀಳದ ಗುಡ್ಡೆ ಬದಿಯ ಮಣ್ಣಿನದ್ದನ್ನೂ ಪರೀಕ್ಷೆ ಮಾಡಿಸಿ ಪಕ್ಕಪಕ್ಕ ಇಟ್ಟುಕೊಳ್ಳಿ.